ಇಂಜನಿಯರರ ಸನ್ನದು



ರೋಗ ಬಂದವನು ವೈದ್ಯನನ್ನು ತಾನೇ ಆರಿಸಿಕೊಳ್ಳುತ್ತಾನೆ. ವ್ಯಾಜ್ಯಕ್ಕೆ ಸಿಕ್ಕಿದವನು ವಕೀಲನನ್ನು ತಾನೇ ಗೊತ್ತುಮಾಡಿಕೊಳ್ಳುತ್ತಾನೆ. ಆದರೆ ಸೇತುವೆಯನ್ನು ದಾಟುವವನು ಅದನ್ನು ಕಟ್ಟಿದ ಇಂಜನಿಯರನ ಹೆಸರನ್ನು ಕೇಳಿದವನಲ್ಲ. ಕಟ್ಟೆಯ ಕೆಳಗಣ ಊರಿನಲ್ಲಿ ದೀಪವಾರಿಸಿ ಮಲಗುವ ಒಕ್ಕಲಿಗನು ಕಟ್ಟೆಯ ಲೆಕ್ಕವನ್ನು ಪರೀಕ್ಷಿಸಿ ಮಲಗುವುದಿಲ್ಲ. ಪ್ರಸಾದನಿಲಯದಲ್ಲಿ ಓದುತ್ತ ಕುಳಿತ ಬಾಲಕನಿಗೆ ತನ್ನ ತಲೆಯ ಮೇಲಣ ತೊಲೆ ಎಷ್ಟು ಭಾರವನ್ನು ಹೊರಬಲ್ಲದೆಂಬುದು ತಿಳಿಯದು. ತಿಳಿಯಬೇಕೆಂದು ಯಾರೂ ಹೇಳುವುದೂ ಇಲ್ಲ. ಕಣ್ಣಿಗೆ ಕಾಣದ ಒಬ್ಬನ ವಿದ್ಯೆಯನ್ನೂ ಪ್ರಾಮಾಣಿಕತೆಯನ್ನೂ ನಂಬಿ ಸಹಸ್ರಾರು ಜನರು ಬದುಕತಕ್ಕ ಈ ಸ್ಥಿತಿಯಲ್ಲಿ, ಆ ಒಬ್ಬನು ಯಾರು, ಅವನ ಯೋಗ್ಯತೆಯನ್ನು ಪರೀಕ್ಷಿಸಿದವರು ಯಾರು, ತಪ್ಪಿದರೆ ಅವನನ್ನು ಕೇಳತಕ್ಕವರು ಯಾರು ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಇವುಗಳಿಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಕೆನಡಾ ದೇಶದ ಉತ್ತರವು ಒಂದು ದೊಡ್ಡ ದುಃಖದೊಡನೆ ಹೆಣೆದುಕೊಂಡಿರುವುದರಿಂದ ಅದನ್ನೇ ಮೊದಲು ವಿಸ್ತಾರವಾಗಿ ಹೇಳುವುದು ಉಚಿತ.

ಕೆನಡಾ ದೇಶದ ಕ್ವಿಬೆಕ್ ಪಟ್ಟಣದ ಬಳಿಯಲ್ಲಿ ಸೇಂಟ್ ಲಾರೆನ್ಸ್ ಎಂಬ ಮಹಾನದಿಯು ಹರಿಯುತ್ತದೆ. ಅದರ ಮೇಲೆ ರೈಲುಸೇತುವೆಯೊಂದನ್ನು ಕಟ್ಟಬೇಕೆಂಬುದು ಆ ಪಟ್ಟಣಿಗರ ಬಹುಕಾಲದ ಬಯಕೆ. ಎರಡು ಕಂಬಗಳ ನಡುವಣ ಅಂತರವು ಮೊದಲು ೧೬೦೦ ಅಡಿಯೆಂದು ಗೊತ್ತಾಗಿ, ಆಮೇಲೆ ೧೮೦೦ ಅಡಿಗೆ ಏರಿತು. ಅಷ್ಟು ಉದ್ದದ ಅಂತರವನ್ನು ಆ ಬಗೆಯ ಸೇತುವೆಯಿಂದ ಪ್ರಪಂಚದಲ್ಲಿ ಅದುವರೆಗೆ ಯಾರೂ ದಾಟಿರಲಿಲ್ಲ. ಉಕ್ಕಿನ ಕೆಲಸವನ್ನು ಫೀನಿಕ್ಸ್ ಬ್ರಿಜ್ ಕಂಪನಿಯವರು ಗುತ್ತಿಗೆ ಹಿಡಿದರು. ಸಲಹೆಗಾರ ಇಂಜನಿಯರರಾಗಿ ನೇಮಕವಾದವರು ನ್ಯೂಯಾರ್ಕಿನ ಥಿಯೊಡೋರ್ ಕೂಪರ್ ಎಂಬವರು. ಸೇಂಟ್ ಲೂಯಿ ಪಟ್ಟಣದ ಪ್ರಸಿದ್ಧವಾದ ಸೇತುವೆಯ ಕಾಲದಿಂದ ಉಕ್ಕಿನ ಕೆಲಸದಲ್ಲಿಯೇ ಪಳಗಿದ ಆ ವೃದ್ಧರ ಮಾತಿಗೆ ಅಮೇರಿಕದಲ್ಲೆಲ್ಲ ಬೆಲೆಯಿದ್ದಿತು. ಬೆಲೆ ಹೆಚ್ಚಾದದ್ದೇ ಅನರ್ಥಕ್ಕೆ ಒಂದು ಕಾರಣವಾಯಿತೆಂದರೆ ತಪ್ಪಾಗಲಾರದು. ಕೆನಡಾ ಸರ್ಕಾರದ ರೈಲು ಇಲಾಖೆಯವರು, ನಕ್ಷೆಗಳನ್ನು ಬೇರೊಬ್ಬ ಸಮರ್ಥ ಇಂಜನಿಯರನೂ ನೋಡಿ ಒಪ್ಪಿಗೆ ಕೊಡಬೇಕೆಂದು ೧೯೦೩ರಲ್ಲಿ ಸೂಚಿಸಿದರು. ತಮ್ಮ ಮೇಲೆ ಇನ್ನೊಬ್ಬನನ್ನು ಕೂರಿಸುವುದು ತಮಗೆ ಅವಮಾನವೆಂದು ಕೂಪರರು ಆಕ್ಷೇಪಿಸಿದರು. ಅಲ್ಲಿಂದ ಮುಂದೆ ಸರ್ಕಾರದ ಒಪ್ಪಿಗೆ ಹೆಸರಿಗೆ ಮಾತ್ರ ಉಳಿಯಿತು. ಹೀಗೆ, ಒಬ್ಬನ ಲೆಕ್ಕವನ್ನು ಇನ್ನೊಬ್ಬನು ನೋಡುವ ಪದ್ಧತಿಯು, ನೋಡಲೇಬೇಕಾಗಿದ್ದ ಕೆಲಸದಲ್ಲಿ, ತಪ್ಪಿಹೋಯಿತು.

ಕೂಪರರು ಸೇತುವೆಯ ಸ್ಥಳಕ್ಕೆ ಕಡೆಯದಾಗಿ ಬಂದದ್ದು ಅದೇ ೧೯೦೩ರ ಮೇ ತಿಂಗಳಲ್ಲಿ. ಉಕ್ಕಿನ ದೊಡ್ಡ ಭಾಗಗಳು ಮೇಲೇರುವುದಕ್ಕೆ ಮುಂಚೆಯೇ ಅವರ ಬರವು ನಿಂತಿತು. ದೇಹಾಲಸ್ಯದ ಕಾರಣದಿಂದ ಅವರು ನ್ಯೂಯಾರ್ಕಿನಲ್ಲಿಯೇ ಇದ್ದು ಕಾಗದಗಳ ಮೂಲಕ ಕೆಲಸ ನಡೆಸಿದರು. ಅಂತರವು ೧೮೦೦ ಅಡಿಗೆ ಏರಿದಾಗ ಸೇತುವೆಯ ಸ್ವಂತ ತೂಕವನ್ನು ಪುನಃ ಲೆಕ್ಕ ಹಾಕಬೇಕಾಗಿದ್ದಿತು, ಹಾಕಲಿಲ್ಲ. ೧೯೦೬ರಲ್ಲಿ ಆ ತಪ್ಪು ಕಣ್ಣಿಗೆ ಬಿದ್ದಿತು. ಆ ವೇಳೆಗೆ ಬಹುಭಾಗದ ಉಕ್ಕು ಸಿದ್ಧವಾಗಿದ್ದಿತು. ಮೊದಲು ಎಣಿಸಿದ್ದಕ್ಕಿಂತ ಒತ್ತಡವು ಹೆಚ್ಚಾಗಿದ್ದರೂ ಸೇತುವೆ ಅದನ್ನು ತಾಳಬಹುದೆಂದು ಕೂಪರರು ನಿರ್ಣಯಿಸಿದರು. ಕೆಲಸ ಮುಂದುವರಿಯಿತು.

೧೯೦೭ರ ಆಗಸ್ಟ್ ತಿಂಗಳಿನಲ್ಲಿ ದಕ್ಷಿಣ ದಡದ ಕಡೆ ಕೆಳಗಣ ಉಕ್ಕಿನ ತೊಲೆಗಳು ಬಾಗಿರುವುದು ಕಂಡುಬಂದಿತು. ಸ್ಥಳದಲ್ಲಿ ಕೂಪರರ ಪರವಾಗಿ ಇದ್ದವನು ನಾರ್ಮನ್ ಮೆಕ್ಲೂರ್, ಕಾಲೇಜನ್ನು ಬಿಟ್ಟು ಕೆಲವೇ ವರ್ಷಗಳಾಗಿದ್ದ ತರುಣ. ತೊಲೆಗಳು ಕಾರ್ಖಾನೆಯಿಂದ ಬರುವಾಗಲೇ ಬಾಗಿದ್ದುವೆಂದು ಗುತ್ತಿಗೆದಾರರ ಕಡೆಯವರ ವಾದ. ಅಲ್ಲಿಗೆ ಬಂದಮೇಲೆ ಬಾಗಿದುವೆಂದು ನೋಡಿದವರ ಮಾತು. ಈ ಚರ್ಚೆಯಲ್ಲಿಯೇ ದಿನಗಳು ಕಳೆದುವು. ಆಗಸ್ಟ್ ೨೭ನೆಯ ತಾರೀಖು ಅಳತೆ ಮಾಡಿದಾಗ, ಸ್ವಲ್ಪ ದಿನಗಳ ಹಿಂದೆ ಮುಕ್ಕಾಲು ಅಂಗುಲ ಬಾಗಿದ್ದ ಒಂದು ತೊಲೆಯು ಎರಡೂಕಾಲು ಅಂಗುಲ ಬಾಗಿದ್ದಿತು. ಕಾರ್ಖಾನೆಯಲ್ಲಿ ಬಾಗಿದ ತೊಲೆಯಾದರೆ ದಿನದಿನಕ್ಕೆ ಹೆಚ್ಚು ಬಾಗುವುದು ಹೇಗೆಂದು ಯಾರಾದರೂ ಕೇಳಿದ್ದರೆ ಅಲ್ಲಿಗೇ ವಾದ ಮುಗಿಯುತ್ತಿದ್ದಿತು. ಆದರೆ ಕೆಲಸ ನಿಲ್ಲಿಸಿರೆಂದು ಖಂಡಿತವಾಗಿ ಹೇಳುವ ಅಧಿಕಾರವು ತನಗಿದೆಯೆಂದು ಸ್ಥಳದಲ್ಲಿದ್ದ ಒಬ್ಬರೂ ತಿಳಿಯಲಿಲ್ಲ. ಮೆಕ್ಲೂರ್ ರೈಲು ಹತ್ತಿ ನ್ಯೂಯಾರ್ಕಿಗೆ ಹೋದನು.

೨೯ರ ಮಧ್ಯಾಹ್ನಕ್ಕೆ ಮುಂಚೆ ಅವನು ಕೂಪರರನ್ನು ಕಂಡನು. ವಿಷಯವನ್ನು ಕೇಳಿದ ಕೂಡಲೆ ಅವರಿಗೆ ಅಪಾಯ ಹೊಳೆಯಿತು. ಎಲ್ಲವನ್ನೂ ಪರ್ಯಾಲೋಚಿಸುವ ತನಕ ಸೇತುವೆಯ ಮೇಲೆ ಇನ್ನು ಭಾರ ಹೇರಬಾರದೆಂದು ಅವರು ತಂತಿ ಕಳುಹಿಸಿದರು. ಆ ತಂತಿ ಕ್ವಿಬೆಕ್ಕಿಗೆ ಹೋಗಲಿಲ್ಲ. ಗುತ್ತಿಗೆದಾರರ ಕಛೇರಿಯಿದ್ದ ಪೆನ್ಸಿಲ್ವೇನಿಯದ ಫೀನಿಕ್ಸ್‌ವಿಲ್ಲಿಗೆ ಹೋಯಿತು. ಅಲ್ಲಿಯ ಅಧಿಕಾರಿಗಳು ಮರುದಿನ ಆಲೋಚಿಸಿದರಾಯಿತೆಂದುಕೊಂಡರು. ಆ ದಿನ ಸಂಜೆ ಐದೂವರೆಯ ಸುಮಾರಿಗೆ, ಕೆಲಸಗಾರರು ದಿನದ ದುಡಿಮೆ ಮುಗಿಸುವ ಹೊತ್ತಿಗೆ, ಆ ಕೆಳತೊಲೆಗಳು ಮುರಿದು ಸುಮಾರು ೧೯,೦೦೦ ಟನ್ನುಗಳ ಉಕ್ಕು ಕೆಲವೇ ಕ್ಷಣಗಳಲ್ಲಿ ಕುಸಿಯಿತು. ಮೇಲಿದ್ದ ೮೬ ಜನರಲ್ಲಿ ೭೫ ಜನರು ಸತ್ತರು. ಅವರಲ್ಲಿ ೩೩ ಜನರು ಕಾನವಾಕೆ ಎಂಬ ಒಂದೇ ಊರಿನ ಮೊಹಾಕ್ ಜನಾಂಗದವರು, ಎತ್ತರದ ಉಕ್ಕಿನ ಕೆಲಸದಲ್ಲಿ ಹೆಸರಾದವರು. ಅಂದಿನಿಂದ ಆ ಊರಿನ ಹೆಂಗಸರು ತಮ್ಮ ಗಂಡಸರೆಲ್ಲ ಒಂದೇ ಕೆಲಸಕ್ಕೆ ಒಟ್ಟಾಗಿ ಹೋಗಕೂಡದೆಂದು ಕಟ್ಟುಮಾಡಿದರೆಂದು ಹೇಳುವುದುಂಟು. ಆ ಊರಿನ ಸ್ಮಶಾನದಲ್ಲಿ ಉಕ್ಕಿನ ತೊಲೆಗಳಿಂದಲೇ ಮಾಡಿದ ಶಿಲುಬೆಗಳು ನಿಂತಿವೆ.

ಸರ್ಕಾರವು ನೇಮಿಸಿದ ವಿಚಾರಣಾ ಮಂಡಲಿಯು ೧೯೦೮ರಲ್ಲಿ ವರದಿಯನ್ನು ಒಪ್ಪಿಸಿತು. ಕೆಳತೊಲೆಗಳ ರಚನೆಯಲ್ಲಿಯೇ ದೋಷವಿದ್ದಿತೆಂದೂ, ಅದಕ್ಕೆ ಗುತ್ತಿಗೆ ಕಂಪನಿಯ ಮುಖ್ಯ ರಚನಕಾರರಾದ ಪೀಟರ್ ಸ್ಲ್ಯಾಪ್ಕಾ ಅವರ ಮತ್ತು ಕೂಪರರ ತೀರ್ಮಾನದ ತಪ್ಪು ಕಾರಣವೆಂದೂ ಅದು ಸ್ಪಷ್ಟವಾಗಿ ಹೇಳಿತು. ಅವರು ವಂಚಕರೆಂದು ಯಾರೂ ಹೇಳಲಿಲ್ಲ. ಅವರು ಅವಿದ್ಯಾವಂತರೂ ಅಲ್ಲ. ವಿದ್ಯಾವಂತರ ತಪ್ಪನ್ನು ಹಿಡಿಯುವ ಏರ್ಪಾಡು ಇಲ್ಲದೆ ಹೋದದ್ದೇ ಅಲ್ಲಿಯ ಕೊರತೆ. ಇದರ ಮುಂದೆಯೂ ಆ ಸೇತುವೆಯ ಕಥೆ ಮುಗಿಯಲಿಲ್ಲ. ಹೊಸ ನಕ್ಷೆಯ ಪ್ರಕಾರ ಕಟ್ಟುತ್ತಿರುವಾಗ ೧೯೧೬ರ ಸೆಪ್ಟೆಂಬರ್ ೧೧ರಂದು ನಡುವಣ ಭಾಗವನ್ನು ಮೇಲೆತ್ತುವಾಗ ಅದು ನದಿಗೆ ಬಿದ್ದು ಇನ್ನೂ ೧೩ ಜನರು ತೀರಿಕೊಂಡರು. ೧೯೧೭ರಲ್ಲಿ ಸೇತುವೆ ಪೂರ್ಣವಾಯಿತು.

ಈ ಸೇತುವೆಯ ಅವಘಡದಿಂದಲೇ ಕೆನಡಾದಲ್ಲಿ ಇಂಜನಿಯರರಿಗೆ ಸನ್ನದು ಬಂದಿತೆಂದು ಕೆಲವರು ಹೇಳುತ್ತಾರೆ. ಅದು ಪೂರ್ಣ ಸತ್ಯವಲ್ಲ. ಮ್ಯಾನಿಟೋಬಾದಲ್ಲಿ ೧೮೯೬ರಲ್ಲಿಯೂ ಕ್ವಿಬೆಕ್ಕಿನಲ್ಲಿ ೧೮೯೮ರಲ್ಲಿಯೂ ಇಂಥ ಕಾಯಿದೆಗಳು ಆಗಲೇ ಹುಟ್ಟಿದ್ದುವು, ಬಲವಾಗಿರಲಿಲ್ಲ. ಇತ್ತ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಯೋಮಿಂಗ್ ಎಂಬ ಒಣನಾಡು ಇದೇ ೧೯೦೭ರಲ್ಲಿ ಮೊದಲ ಕಾಯಿದೆಯನ್ನು ಮಾಡಿತು. ಅಲ್ಲಿಯ ಕಾರಣ ಸೇತುವೆಯಲ್ಲ, ನೀರು. ನೀರಾವರಿಯ ಹಕ್ಕು ಬೇಡುವ ಅರ್ಜಿಗಳ ಜೊತೆಯಲ್ಲಿ ಬರುತ್ತಿದ್ದ ನಕ್ಷೆಗಳನ್ನು ವಕೀಲರೂ ನೋಟರಿಗಳೂ ಬರೆದು ತಾವೇ ಇಂಜನಿಯರರೆಂದು ರುಜು ಹಾಕುತ್ತಿದ್ದುದನ್ನು ಆ ಸಂಸ್ಥಾನದ ಮುಖ್ಯ ಇಂಜನಿಯರರಾದ ಕ್ಲಾರೆನ್ಸ್ ಜಾನ್ಸ್ಟನ್ ಕಂಡು ಬೇಸತ್ತರು. ಮೋಜಣಿ ತಪ್ಪಿದರೆ ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲಕ್ಕೆ ಹೋಗುವುದೆಂಬುದನ್ನು ಕಾಲುವೆಯ ಕೆಳಗೆ ಗದ್ದೆಯುಳ್ಳವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಮೊದಲನೆಯ ಸನ್ನದು ದೊರೆತದ್ದು ೧೯೦೭ರ ಆಗಸ್ಟ್ ೮ರಂದು, ಎಂದರೆ ಕ್ವಿಬೆಕ್ಕಿನ ಸೇತುವೆ ಬೀಳುವುದಕ್ಕೆ ಮೂರು ವಾರ ಮುಂಚೆ. ಆಮೇಲೆ ಒಂದೊಂದು ಅನಾಹುತ ಒಂದೊಂದು ಸಂಸ್ಥಾನವನ್ನು ಎಚ್ಚರಿಸಿತು. ೧೯೨೮ರ ಮಾರ್ಚ್ ೧೨ರ ನಡುರಾತ್ರಿಯ ಸುಮಾರಿಗೆ ಸೇಂಟ್ ಫ್ರಾನ್ಸಿಸ್ ಕಟ್ಟೆಯೊಡೆದು ನೂರಾರು ಜನರು ಕೊಚ್ಚಿಹೋದಮೇಲೆ, ೧೯೨೯ರಲ್ಲಿ ಕ್ಯಾಲಿಫೋರ್ನಿಯವು ಕಾಯಿದೆ ಮಾಡಿತು. ೧೯೩೭ರಲ್ಲಿ ಟೆಕ್ಸಸ್ಸಿನ ನ್ಯೂ ಲಂಡನ್ ಊರಿನ ಪಾಠಶಾಲೆಯಲ್ಲಿ ಅನಿಲ ಸೋರಿ ಸಿಡಿದು ಮುನ್ನೂರರ ಸಮೀಪ ಮಂದಿ, ಬಹುಮಟ್ಟಿಗೆ ಮಕ್ಕಳು, ಮಡಿದ ವರ್ಷವೇ ಅಲ್ಲಿಯೂ ಕಾಯಿದೆ ಬಂದಿತು.

ಕೆನಡಾದಲ್ಲಿ ೧೯೧೯ರಲ್ಲಿ ಇಂಜನಿಯರರ ಸಂಘವೇ ಒಂದು ಮಾದರಿ ಮಸೂದೆಯನ್ನು ಬರೆದುಕೊಟ್ಟಿತು. ಮರುವರ್ಷ ಹಲವು ಪ್ರಾಂತಗಳು ಅದನ್ನು ಅನುಸರಿಸಿ ಕಾಯಿದೆಗಳನ್ನು ಮಾಡಿದುವು. ಆಂಟೇರಿಯೊ ೧೯೨೨ರಲ್ಲಿ ಮಾಡಿತು. ಆಂಟೇರಿಯೊದಲ್ಲಿ ಮೊದಮೊದಲು ಸನ್ನದು ಬೇಕಾದವರಿಗೆ ಮಾತ್ರ. ೧೯೩೭ರಿಂದ ಅದಿಲ್ಲದೆ ಈ ವೃತ್ತಿಯನ್ನು ನಡೆಸಕೂಡದೆಂದಾಯಿತು.

ಈ ಸನ್ನದಿನ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಕಾಲೇಜಿನ ಪದವಿಯೇ ಸನ್ನದಲ್ಲ. ಪದವಿಯು ವಿದ್ಯೆಗೆ ಸಾಕ್ಷಿ. ಆಮೇಲೆ ಸನ್ನದುಳ್ಳ ಹಿರಿಯರ ಕೈಕೆಳಗೆ ಕೆಲವು ವರ್ಷ ದುಡಿದು ಅನುಭವವನ್ನು ತೋರಿಸಬೇಕು. ಬಹುಕಾಲ ಇದು ನಾಲ್ಕು ವರ್ಷವೆಂದು ರೂಢಿಯಾಗಿದ್ದಿತು. ಆಮೇಲೆ ಕಾಯಿದೆಯನ್ನೂ ವೃತ್ತಿಧರ್ಮವನ್ನೂ ಕುರಿತ ಪರೀಕ್ಷೆಯಿರುವುದು. ನಡತೆ ಒಳ್ಳೆಯದೆಂದು ಮಂಡಲಿಗೆ ತೃಪ್ತಿಯಾಗಬೇಕು. ಅಮೇರಿಕದ ಸಂಸ್ಥಾನಗಳಲ್ಲಿಯಾದರೋ ಗಣಿತ ಮತ್ತು ಶಾಸ್ತ್ರಗಳಲ್ಲಿಯೂ ಸಾಮಾನ್ಯವಾಗಿ ಎರಡು ಪರೀಕ್ಷೆಗಳುಂಟು. ಇಷ್ಟಾದಮೇಲೆ ಇಂಜನಿಯರನಿಗೆ ಅವನ ಹೆಸರುಳ್ಳ ಒಂದು ಮೊಹರು ದೊರೆಯುತ್ತದೆ. ನೋಡುವುದಕ್ಕೆ ಅದು ಕಛೇರಿಯ ಮೇಜಿನ ಮೇಲೆ ಬಿದ್ದಿರುವ ಯಾವ ಠಸ್ಸೆಗೂ ಮಿಗಿಲಲ್ಲ. ಆದರೆ ಅದನ್ನು ನಕ್ಷೆಯ ಮೇಲೆ ಒತ್ತಿದವನು, ಈ ಕೆಲಸವನ್ನು ತಾನೇ ಮಾಡಿದೆನು ಅಥವಾ ತನ್ನ ಕಣ್ಣೆದುರಿಗೆ ಮಾಡಿಸಿದೆನು, ಇದಕ್ಕೆ ತಾನೇ ಹೊಣೆ, ಎಂದು ಸಾರಿದಂತೆ.

ಈ ಮೊಹರಿನ ಅರ್ಥವೆಷ್ಟು ಗಂಭೀರವೆಂಬುದು ೧೯೮೧ರ ಜುಲೈ ೧೭ರಂದು ಅಮೇರಿಕದ ಕ್ಯಾನ್ಸಸ್ ಸಿಟಿಯಲ್ಲಿ ಪ್ರಕಟವಾಯಿತು. ಅಲ್ಲಿಯ ಒಂದು ದೊಡ್ಡ ಹೋಟೆಲಿನ ಅಂಗಣದ ಮೇಲೆ, ಒಂದರ ಕೆಳಗೊಂದು ತೂಗುತ್ತಿದ್ದ ಎರಡು ನಡೆಹಾದಿಗಳು ಕಳಚಿಬಿದ್ದು ೧೧೪ ಜನರು ಸತ್ತರು. ಮೊದಲ ನಕ್ಷೆಯಲ್ಲಿ ಎರಡು ಹಾದಿಗಳನ್ನೂ ಚಾವಣಿಯಿಂದ ಇಳಿದ ಒಂದೇ ಸಲಾಕೆ ಹಿಡಿದಿದ್ದಿತು. ಅಷ್ಟುದ್ದದ ಸಲಾಕೆ ಮಾಡುವುದು ತೊಡಕೆಂದು ಕಾರ್ಖಾನೆಯವರು ಅದನ್ನು ಎರಡಾಗಿ ಮಾಡಿ, ಕೆಳಗಿನ ಹಾದಿಯನ್ನು ಮೇಲಿನ ಹಾದಿಗೆ ತೂಗುಹಾಕಿದರು. ಹಗ್ಗವೊಂದನ್ನು ಹಿಡಿದು ಇಬ್ಬರು ಜೋತುಬೀಳುವುದಕ್ಕೂ, ಒಬ್ಬನು ಹಗ್ಗವನ್ನೂ ಮತ್ತೊಬ್ಬನು ಅವನ ಕಾಲನ್ನೂ ಹಿಡಿದು ಜೋತುಬೀಳುವುದಕ್ಕೂ ಇರುವ ಭೇದವೇ ಇಲ್ಲಿಯ ಭೇದ: ಹಗ್ಗಕ್ಕೆ ಭಾರ ಒಂದೇ, ಮೇಲಿನವನ ಕೈಗಳಿಗೆ ಇಮ್ಮಡಿ. ಆ ಬದಲಾವಣೆಯ ನಕ್ಷೆಯ ಮೇಲೆ ಇಂಜನಿಯರರ ಒಪ್ಪಿಗೆಯ ಮೊಹರಿದ್ದಿತು. ಸಂದುಗಳ ಲೆಕ್ಕ ಕಾರ್ಖಾನೆಯವರ ಕೆಲಸವೆಂಬ ಅವರ ಸಮಾಧಾನವು ನಿಲ್ಲಲಿಲ್ಲ. ಕೆಲಸವನ್ನು ಹಂಚಬಹುದು, ಹೊಣೆಯನ್ನು ಹಂಚಲಾಗದು ಎಂಬ ನ್ಯಾಯದಿಂದ ಮಿಸೌರಿ ಸಂಸ್ಥಾನವು ಅವರ ಸನ್ನದುಗಳನ್ನು ಕಿತ್ತುಕೊಂಡಿತು.

ಕೆನಡಾದವರು ಕಾಯಿದೆಯ ಜೊತೆಗೆ ಇನ್ನೊಂದನ್ನು ಕೂಡಿಸಿಕೊಂಡಿದ್ದಾರೆ. ಪದವಿಯನ್ನು ಮುಗಿಸುವ ತರುಣ ಇಂಜನಿಯರರು ಹಿರಿಯರ ಸಮ್ಮುಖದಲ್ಲಿ ಪ್ರತಿಜ್ಞೆ ಮಾಡಿ, ಕೆಲಸ ಮಾಡುವ ಕೈಯ ಕಿರುಬೆರಳಿಗೆ ಕಬ್ಬಿಣದ ಉಂಗುರವನ್ನು ಧರಿಸುತ್ತಾರೆ. ಟೊರಾಂಟೊ ವಿಶ್ವವಿದ್ಯಾನಿಲಯದ ಹಾಲ್ಟೇನ್ ಎಂಬ ಅಧ್ಯಾಪಕರು ೧೯೨೨ರಲ್ಲಿ ಇದನ್ನು ಸೂಚಿಸಿದರು. ಪ್ರತಿಜ್ಞಾವಿಧಿಯನ್ನು ಬರೆದುಕೊಟ್ಟವರು ಮುಂಬಯಿಯಲ್ಲಿ ಜನಿಸಿದ ಆಂಗ್ಲಕವಿ ರಡ್ಯಾರ್ಡ್ ಕಿಪ್ಲಿಂಗ್. ೧೯೨೫ರಲ್ಲಿ ಮೊದಲ ವಿಧಿ ನಡೆಯಿತು. ಬಿದ್ದ ಸೇತುವೆಯ ಕಬ್ಬಿಣದಿಂದಲೇ ಆ ಉಂಗುರಗಳನ್ನು ಮಾಡಿದರೆಂಬ ಕಥೆ ಎಲ್ಲೆಡೆಯೂ ಹಬ್ಬಿದೆ, ಅದು ನಿಜವಲ್ಲ. ಬರೆಯುವಾಗ ಕಾಗದಕ್ಕೆ ತಾಕುವಂತೆ ಅದು ಬೆರಳಿನಲ್ಲಿರುವುದು ಮಾತ್ರ ನಿಜ. ಈ ಉಂಗುರಕ್ಕೆ ಕಾಯಿದೆಯ ಬಲವಿಲ್ಲ; ಅದನ್ನು ಧರಿಸಿದವನೆಲ್ಲ ಸನ್ನದುಳ್ಳವನೂ ಅಲ್ಲ. ದೀಕ್ಷೆ ಬೇರೆ, ಅಧಿಕಾರ ಬೇರೆ ಎಂಬುದು ಮಠದ ಶಿಷ್ಯರಿಗೆ ಹೊಸ ಮಾತಲ್ಲ.

ಸನ್ನದನ್ನು ಕೊಡುವವರೂ ಕಿತ್ತುಕೊಳ್ಳುವವರೂ ಯಾರು? ಅಲ್ಲಿ ಇಂಜನಿಯರರ ಮಂಡಲಿಯೇ. ಸದಸ್ಯರಲ್ಲಿ ಬಹುಮಂದಿಯನ್ನು ವೃತ್ತಿಯವರೇ ಆರಿಸುತ್ತಾರೆ; ಕೆಲವರನ್ನು ಸರ್ಕಾರವು ನೇಮಿಸುತ್ತದೆ. ದೂರು ಬಂದರೆ ಮಂಡಲಿಯೇ ವಿಚಾರಿಸಿ, ಛೀಮಾರಿ ಹಾಕುವುದು, ಸನ್ನದನ್ನು ತಡೆಹಿಡಿಯುವುದು, ರದ್ದುಮಾಡುವುದು. ಮನೆಯವರೇ ಮನೆಯವರಿಗೆ ನ್ಯಾಯ ಹೇಳುವ ಈ ಏರ್ಪಾಡಿನಲ್ಲಿ ಗುಣವೂ ಉಂಟು, ಅಪಾಯವೂ ಉಂಟು. ಉಕ್ಕಿನ ಲೆಕ್ಕದ ತಪ್ಪು ಉಕ್ಕಿನ ಲೆಕ್ಕ ಬಲ್ಲವನಿಗೇ ಕಾಣುವುದು, ಇದು ಗುಣ. ತನ್ನವರೆಂಬ ದಾಕ್ಷಿಣ್ಯ ಎಲ್ಲರಿಗೂ ಇರುವುದು, ಇದು ಅಪಾಯ. ಆ ಸೇತುವೆಯಿರುವ ಕ್ವಿಬೆಕ್ ಪ್ರಾಂತದಲ್ಲಿಯೇ ಕಟ್ಟಡದ ಗುತ್ತಿಗೆಗಳಲ್ಲಿನ ಲಂಚಕೋರತನದ ಸಾರ್ವಜನಿಕ ವಿಚಾರಣೆಯೊಂದು ೨೦೧೧ರಿಂದ ೨೦೧೫ರವರೆಗೆ ನಡೆಯಿತು. ಆಮೇಲೆ ಸರ್ಕಾರವು ಅಲ್ಲಿಯ ಇಂಜನಿಯರರ ಮಂಡಲಿಯನ್ನೇ ೨೦೧೬ರಿಂದ ೨೦೧೯ರವರೆಗೆ ತನ್ನ ಮೇಲ್ವಿಚಾರಕರ ಕೈಕೆಳಗೆ ಇಟ್ಟಿತು. ಕಾಯುವವನನ್ನು ಕಾಯುವವರು ಯಾರು ಎಂಬ ಹಳೆಯ ಪ್ರಶ್ನೆಗೆ ಅಲ್ಲಿಯೂ ಪೂರ್ಣವಾದ ಉತ್ತರ ದೊರೆತಿಲ್ಲ.

ಸನ್ನದಿದ್ದರೂ ಅನಾಹುತವಾದ ಉದಾಹರಣೆಯೂ ಇದೆ. ಆಂಟೇರಿಯೊ ಪ್ರಾಂತದ ಎಲಿಯಟ್ ಲೇಕ್ ಎಂಬ ಸಣ್ಣ ಊರಿನಲ್ಲಿ ಅಂಗಡಿಗಳ ದೊಡ್ಡ ಕಟ್ಟಡವೊಂದಿದ್ದಿತು. ಅದರ ಚಾವಣಿಯ ಮೇಲೆ ಮೋಟಾರುಗಳನ್ನು ನಿಲ್ಲಿಸುತ್ತಿದ್ದರು. ಕಟ್ಟಿದ ಕಾಲದಿಂದಲೂ ಅದು ಸೋರುತ್ತಿದ್ದಿತು. ಸೋರಿದ ನೀರು ಮೂವತ್ತು ವರ್ಷ ಉಕ್ಕನ್ನು ತಿಂದಿತು. ೨೦೧೨ರ ಜೂನ್ ೨೩ರಂದು ಚಾವಣಿ ಕುಸಿದು ಇಬ್ಬರು ಹೆಂಗಸರು ಸತ್ತರು. ಕೆಲವೇ ವಾರಗಳ ಹಿಂದೆ ಕಟ್ಟಡವನ್ನು ನೋಡಿ ಭದ್ರವಾಗಿದೆಯೆಂದು ಹೇಳಿದ್ದವನ ಸನ್ನದು ಆ ವೇಳೆಗೆ ಜಾರಿಯಲ್ಲಿರಲಿಲ್ಲ. ಅವನು ಒಡೆಯನ ಮಾತಿಗೆ ಒಪ್ಪಿ ತನ್ನ ವರದಿಯನ್ನು ತಿದ್ದಿದ್ದನೆಂದೂ ವಿಚಾರಣೆಯಲ್ಲಿ ಹೊರಬಿದ್ದಿತು. ಹಣ ಕೊಡುವವನು ಒಬ್ಬ, ಕಟ್ಟಡದೊಳಗೆ ಓಡಾಡುವವನು ಇನ್ನೊಬ್ಬ. ಇಂಜನಿಯರನು ಇಬ್ಬರಲ್ಲಿ ಯಾರ ಆಳು ಎಂಬುದೇ ಈ ವೃತ್ತಿಯ ಕಟ್ಟಕಡೆಯ ತೊಡಕು. ಸಂಬಳ ಕೊಡುವವನಿಗೆ ಇಲ್ಲವೆನ್ನುವ ಧೈರ್ಯವನ್ನು ಕಾಯಿದೆಯು ಹುಟ್ಟಿಸಲಾರದು. ಆದರೆ ಇಲ್ಲವೆಂದವನ ಬೆನ್ನಿಗೆ ನಿಲ್ಲಬಲ್ಲದು.

ಇನ್ನು ಭಾರತದ ಸಂಗತಿ. ಇಲ್ಲಿ ವಕೀಲರಿಗೆ ೧೯೬೧ರ ಕಾಯಿದೆಯುಂಟು. ಕಟ್ಟಡದ ವಿನ್ಯಾಸಕಾರರಿಗೆ ೧೯೭೨ರ ಕಾಯಿದೆಯುಂಟು. ಲೆಕ್ಕ ತಪಾಸಣೆಯವರಿಗೆ ೧೯೪೯ರಿಂದಲೂ ಉಂಟು. ಇಂಜನಿಯರರಿಗಾದರೋ ಇಪ್ಪತ್ತನೆಯ ಶತಮಾನವು ಮುಗಿಯುವವರೆಗೂ ಪಾರ್ಲಿಮೆಂಟು ಅಂಥ ಕಾಯಿದೆಯನ್ನು ಮಾಡಲಿಲ್ಲ. ೧೯೨೦ರಲ್ಲಿ ಹುಟ್ಟಿ ೧೯೩೫ರಲ್ಲಿ ರಾಜಸನ್ನದು ಪಡೆದ ಇಂಜನಿಯರರ ದೊಡ್ಡ ಸಂಸ್ಥೆಯೊಂದಿದೆ. ಅದು ಕೊಡುವ ಬಿರುದಿಗೆ ಗೌರವವುಂಟು, ಆದರೆ ಆ ಬಿರುದಿಲ್ಲದವನು ಕಟ್ಟಬಾರದೆಂಬ ನಿರ್ಬಂಧವಿಲ್ಲ. ಇದಕ್ಕೆ ಕಾರಣವನ್ನು ಚರಿತ್ರೆಯಲ್ಲಿಯೇ ಹುಡುಕಬೇಕು. ಆಂಗ್ಲರ ಕಾಲದಲ್ಲಿ ಇಂಜನಿಯರನೆಂದರೆ ಬಹುಮಟ್ಟಿಗೆ ಸರ್ಕಾರದ ಮರಾಮತ್ತು ಇಲಾಖೆಯ ನೌಕರ. ರೂರ್ಕಿಯ ಕಾಲೇಜು ೧೮೪೭ರಲ್ಲಿ ಹುಟ್ಟಿದ್ದೇ ಆ ಇಲಾಖೆಗೆ ಜನರನ್ನು ಒದಗಿಸುವುದಕ್ಕೆ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಓದಿ ೧೮೮೪ರಲ್ಲಿ ಮುಂಬಯಿ ಪ್ರಾಂತದ ಅದೇ ಇಲಾಖೆಯನ್ನು ಸೇರಿದರು; ೧೯೦೯ರಲ್ಲಿ ಮೈಸೂರಿನ ಮುಖ್ಯ ಇಂಜನಿಯರರಾದರು. ಅವರಿಗೆ ಯಾವ ಮಂಡಲಿಯ ಸನ್ನದೂ ಬೇಕಾಗಲಿಲ್ಲ. ಕಿರಿಯನ ನಕ್ಷೆಯನ್ನು ಹಿರಿಯನು, ಅವನ ನಕ್ಷೆಯನ್ನು ಇನ್ನೂ ಹಿರಿಯನು ನೋಡತಕ್ಕ ಇಲಾಖೆಯ ಶ್ರೇಣಿಯೇ ಅಲ್ಲಿ ಕಾವಲಾಗಿದ್ದಿತು. ಖಾಸಗಿಯವರು ಹತ್ತಾರು ಅಂತಸ್ತಿನ ಮನೆಗಳನ್ನು ಕಟ್ಟುವ ಕಾಲ ಬಂದಾಗ ಆ ಶ್ರೇಣಿ ಅವರ ಮೇಲಿರಲಿಲ್ಲ. ನಗರಸಭೆಗಳು ತಮ್ಮ ತಮ್ಮ ನಿಯಮಗಳಂತೆ ನಕ್ಷೆಗೆ ರುಜು ಹಾಕತಕ್ಕವರನ್ನು ನೋಂದಾಯಿಸಿಕೊಳ್ಳುತ್ತವೆ. ಒಂದು ಊರಿನ ನೋಂದಣಿಗೂ ಇನ್ನೊಂದು ಊರಿನ ನೋಂದಣಿಗೂ ಸಂಬಂಧವಿಲ್ಲದಿರಬಹುದು.

೨೦೦೧ರ ಜನವರಿ ೨೬ರಂದು ಕಚ್ಛದಲ್ಲಿ ಭೂಮಿ ನಡುಗಿದಾಗ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ ಅಹಮದಾಬಾದಿನಲ್ಲಿ ಬಹು ಅಂತಸ್ತಿನ ಮನೆಗಳು ಬಿದ್ದು ನೂರಾರು ಜನರು ಸತ್ತರು. ಪಕ್ಕದ ಮನೆಗಳು ನಿಂತೇ ಇದ್ದುವು. ಗುಜರಾತು ರಾಜ್ಯವು ೨೦೦೬ರಲ್ಲಿ ಸಿವಿಲ್ ಇಂಜನಿಯರರಿಗಾಗಿ ತನ್ನದೇ ಕಾಯಿದೆಯನ್ನು ಮಾಡಿತು. ಕರ್ನಾಟಕಕ್ಕೂ ಇಂಥ ದುಃಖ ದೂರದ್ದಲ್ಲ. ೨೦೧೯ರ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಕಟ್ಟುತ್ತಿದ್ದ ಬಹು ಅಂತಸ್ತಿನ ಕಟ್ಟಡ ಕುಸಿದು ೧೯ ಜನರು ತೀರಿಕೊಂಡರು. ಪೊಲೀಸರೂ ನ್ಯಾಯಾಲಯವೂ ಬರುವುದು ಸತ್ತವರನ್ನು ಹೊರತೆಗೆದಮೇಲೆ. ಕಟ್ಟುವ ಮುಂಚೆಯೇ ಯೋಗ್ಯತೆಯನ್ನು ನೋಡಿ ಸನ್ನದು ಕೊಡತಕ್ಕ, ತಪ್ಪಿದವನು ಬೇರೊಂದು ಊರಿಗೆ ಹೋಗಿ ಪುನಃ ಕಟ್ಟದಂತೆ ಅದನ್ನು ಕಿತ್ತುಕೊಳ್ಳತಕ್ಕ, ಇಡೀ ನಾಡಿಗೆ ಒಂದಾದ ಮಂಡಲಿಯು ಆ ದಿನ ಇದ್ದಿರಲಿಲ್ಲ.

ಲಿಂಗಾಯತ ಮಠಗಳೂ ಸಂಘಗಳೂ ಇಂಜನಿಯರಿಂಗ್ ವಿದ್ಯೆಗೆ ಕೊಟ್ಟ ಆಶ್ರಯ ಸಣ್ಣದಲ್ಲ. ಹುಬ್ಬಳ್ಳಿಯಲ್ಲಿ ೧೯೪೭ರಲ್ಲಿ, ಕಲಬುರಗಿಯಲ್ಲಿ ೧೯೫೮ರಲ್ಲಿ, ತುಮಕೂರಿನಲ್ಲಿಯೂ ಮೈಸೂರಿನಲ್ಲಿಯೂ ೧೯೬೩ರಲ್ಲಿ ಹುಟ್ಟಿದ ಕಾಲೇಜುಗಳಿಂದ ಸಾವಿರಾರು ತರುಣರು ಹೊರಬಂದಿದ್ದಾರೆ. ಅವರಲ್ಲಿ ಅನೇಕರು ಸಮುದ್ರ ದಾಟಿದ್ದಾರೆ. ಅಂಥವರಿಗೆ ಸನ್ನದಿನ ಮಾತು ಕಥೆಯಲ್ಲ, ಅನ್ನದ ವಿಷಯ. ಮಾನ್ಯತೆ ಪಡೆದ ಪದವಿಗಳನ್ನು ದೇಶದೇಶಗಳು ಪರಸ್ಪರ ಒಪ್ಪತಕ್ಕ ವಾಷಿಂಗ್ಟನ್ ಒಡಂಬಡಿಕೆಯು ೧೯೮೯ರಲ್ಲಿ ಆಯಿತು. ಭಾರತವು ೨೦೧೪ರಲ್ಲಿ ಅದರ ಪೂರ್ಣ ಸದಸ್ಯವಾಯಿತು. ಆದರೆ ಆ ಒಪ್ಪಿಗೆ ಕಾಲೇಜಿನ ಎಲ್ಲ ಪದವಿಗಳಿಗೂ ಇಲ್ಲ, ಮಾನ್ಯತಾ ಮಂಡಲಿಯು ಪರೀಕ್ಷಿಸಿ ಒಪ್ಪಿದ ಪಾಠಕ್ರಮಗಳಿಗೆ ಮಾತ್ರ. ಅದೂ ಪದವಿಗೇ ಹೊರತು ಸನ್ನದಿಗೆ ಅಲ್ಲ. ಇಲ್ಲಿ ಇಪ್ಪತ್ತು ವರ್ಷ ಸೇತುವೆ ಕಟ್ಟಿದವನು ಆಂಟೇರಿಯೊದಲ್ಲಿ ಮೊಹರು ಪಡೆಯಬೇಕಾದರೆ ಆ ನೆಲದಲ್ಲಿ ಹನ್ನೆರಡು ತಿಂಗಳು ದುಡಿದಿರಲೇಬೇಕೆಂಬ ನಿಯಮ ಬಹುಕಾಲ ಇದ್ದಿತು. ಸನ್ನದಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಸನ್ನದಿಲ್ಲ ಎಂಬ ಸಂಕಟದಲ್ಲಿ ಅನೇಕರು ಮೋಟಾರು ನಡೆಸಿಯೂ ಅಂಗಡಿಯಲ್ಲಿ ನಿಂತೂ ಜೀವಿಸಿದರು. ಆ ನಿಯಮವನ್ನು ಅಲ್ಲಿಯವರು ೨೦೨೩ರಲ್ಲಿ ತೆಗೆದುಹಾಕಿದರು. ಅನುಭವವನ್ನು ಯಾವ ದೇಶದಲ್ಲಿ ಪಡೆದರೂ ತೋರಿಸಬಹುದು. ಅದನ್ನು ತೋರಿಸುವ ಹೊಣೆಯೂ ಕಾಯಿದೆ ಮತ್ತು
ವೃತ್ತಿಧರ್ಮದ ಪರೀಕ್ಷೆಯೂ ಹಾಗೆಯೇ ಉಳಿದಿವೆ.